ಅಂದದ್ದನ್ನೇ ಅನ್ನುವ ಮಗು

ಬೆಳಗಾವಿ ಜಿಲ್ಲೆಯ ಅಥಣಿಯಲ್ಲಿ ಯಾರನ್ನಾದರೂ ನಿಲ್ಲಿಸಿ ‘ಊಟ ಆತೇನ್ರಿ?’ ಎಂದು ಕೇಳಿದರೆ ‘ಹೌದು’ ಎಂಬ ಉತ್ತರ ಬರುವುದು ಅಪರೂಪ. ‘ಆತ್ರಿ’ ಎನ್ನುತ್ತಾರೆ. ‘ಸಂತಿಗಿ ಹೊಂಟೀಯೇನ?’ ಎಂದರೆ ‘ಹೊಂಟೀನಿ’. ‘ಚಹಾ ಕುಡೀತೀಯೇನ?’ ಎಂದರೆ ‘ಕುಡೀತೀನಿ’. ಕೇಳಿದವರ ಕ್ರಿಯಾಪದವನ್ನೇ ಎತ್ತಿಕೊಂಡು, ಕೊನೆಯನ್ನಷ್ಟೇ ತಿದ್ದಿ ಅವರಿಗೇ ಒಪ್ಪಿಸುವುದು ಕನ್ನಡಿಗರು ಒಪ್ಪಿಗೆ ಸೂಚಿಸುವ ರೂಢಿ. ಇದನ್ನು ಯಾರೂ ಅಣಕವೆಂದು ತಿಳಿಯುವುದಿಲ್ಲ.

ಅದೇ ಊರಿನ ಸಾಲಿಯಲ್ಲಿ ಅಕ್ಕೋರು ‘ನೀರ ಕುಡೀತೀಯೇನ?’ ಎಂದು ಕೇಳಿದಾಗ ಏಳು ವರ್ಷದ ಹುಡುಗನೊಬ್ಬ ‘ನೀರ ಕುಡೀತೀಯೇನ?’ ಎಂದೇ ತಿರುಗಿ ಹೇಳಿದನೆನ್ನಿ. ತರಗತಿ ನಗುತ್ತದೆ. ಅಕ್ಕೋರು ಇನ್ನೊಮ್ಮೆ ಕೇಳುತ್ತಾರೆ, ಹುಡುಗ ಇನ್ನೊಮ್ಮೆ ಹಾಗೇ ಹೇಳುತ್ತಾನೆ. ಮೂರನೆಯ ಸಲಕ್ಕೆ ‘ಯಾಕ, ಅಣಕಸ್ತೀಯೇನ?’ ಎಂಬ ಗದರಿಕೆ ಬರುತ್ತದೆ, ಆ ಗದರಿಕೆಯೂ ಪ್ರತಿಧ್ವನಿಸುತ್ತದೆ. ಹುಡುಗನಿಗೆ ಬಾಯಾರಿದೆ, ಅವನು ‘ಕುಡೀತೀನಿ’ ಎಂದೇ ಹೇಳುತ್ತಿದ್ದಾನೆ. ಅವನ ಉತ್ತರಕ್ಕೂ ಊರಿನ ಉಳಿದವರ ಉತ್ತರಕ್ಕೂ ಇರುವ ಅಂತರ ಒಂದು ಪ್ರತ್ಯಯದಷ್ಟು.

ಕೇಳಿದ್ದನ್ನು ಕೇಳಿದಂತೆ ತಿರುಗಿ ಹೇಳುವ ಈ ಬಗೆಗೆ ವೈದ್ಯರು ಎಕೋಲೇಲಿಯಾ ಎನ್ನುತ್ತಾರೆ. ಕೆಲವು ಮಾತುಗಳು ಆ ಕ್ಷಣದಲ್ಲೇ ಮರಳುತ್ತವೆ. ಕೆಲವು ದಿನಗಳ ಮೇಲೆ, ತಿಂಗಳುಗಳ ಮೇಲೆ, ವರ್ಷಗಳ ಮೇಲೂ ಮರಳುತ್ತವೆ: ಟಿವಿಯ ಜಾಹೀರಾತು, ಬಸ್ ನಿಲ್ದಾಣದ ಘೋಷಣೆ, ಕಾರ್ಟೂನಿನ ಸಂಭಾಷಣೆ, ಅಜ್ಜಿಯ ಬೈಗುಳ, ಅದೂ ಅಜ್ಜಿಯದೇ ರಾಗದಲ್ಲಿ. ಮಾತು ಕಲಿಯುವ ಮೊದಲ ವರ್ಷಗಳಲ್ಲಿ ಮಕ್ಕಳು ಸಾಮಾನ್ಯವಾಗಿ ಹೀಗೆ ಮಾಡುತ್ತವೆ. ಆಟಿಸಂ (ಸ್ವಲೀನತೆ) ಇದ್ದು ಮಾತು ಬರುವ ಮಕ್ಕಳಲ್ಲಿ ಹಲವರಿಗೆ ಅದು ಸಾಲಿಯ ವಯಸ್ಸಿನಲ್ಲೂ ಮುಂದುವರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಕಾಗವಾಡ ಇನ್ನೂ ಬೇರೆ ತಾಲ್ಲೂಕಾಗದಿದ್ದ 2011ರ ಜನಗಣತಿಯಲ್ಲಿ ಅಥಣಿ ತಾಲ್ಲೂಕಿನ ಜನಸಂಖ್ಯೆ 5 ಲಕ್ಷ ದಾಟಿತ್ತು. ಲೆಕ್ಕ ಹಾಕಿದರೆ ಈ ಎರಡು ತಾಲ್ಲೂಕುಗಳಲ್ಲೇ ನಾಲ್ಕು ಸಾವಿರದ ಆಸುಪಾಸು ಜನ. ಇದು ತಲೆ ಎಣಿಸಿ ಬಂದ ಸಂಖ್ಯೆಯಲ್ಲ, ಬರೀ ಭಾಗಾಕಾರ. ಆದರೂ ‘ನಮ್ಮ ಕಡೆ ಅಂಥವರು ಇಲ್ಲ ಬಿಡ್ರಿ’ ಎನ್ನುವವರಿಗೆ ಈ ಭಾಗಾಕಾರ ತೋರಿಸಬಹುದು.

ಸಾಲಿಯಲ್ಲಿ ಇಂಥ ಮಗುವಿನ ಬಗ್ಗೆ ಮೊದಲು ಕೇಳಿಬರುವ ಪ್ರಶ್ನೆ ‘ಇದನ್ನ ಬಿಡಸೂದು ಹ್ಯಾಂಗ್ರಿ?’ ಪ್ರಶ್ನೆಯೇ ಅಡ್ಡದಾರಿಯದು. ಆ ಮಾತನ್ನು ಮಗು ಮೊದಲು ಎಲ್ಲಿ ಕೇಳಿತು ಎಂದು ವಿಚಾರಿಸಿದರೆ ಬಹಳ ಸಲ ಅದರ ಅರ್ಥ ತೆರೆದುಕೊಳ್ಳುತ್ತದೆ. ಇನ್ನು ಆ ‘ಎಲ್ಲಿ’ ಗೊತ್ತಿರುವುದು ಮಗುವಿನ ಅವ್ವನಿಗೆ, ಅಜ್ಜಿಗೆ, ಅಕ್ಕೋರಿಗೆ, ಓಣಿಯವರಿಗೆ. ದೂರದ ತಜ್ಞರಿಗೆ ಗೊತ್ತಿರುವ ಸಂಭವ ಕಡಿಮೆ. ತಜ್ಞರಿಲ್ಲದ ಊರು ಎಂದು ಅಥಣಿ ಕೈಚೆಲ್ಲುವುದು ಹೀಗಾಗಿ ಅರ್ಧ ಮಾತ್ರ ನ್ಯಾಯ.

ಇದಕ್ಕೆ ಸಾಕ್ಷಿ ಆಟಿಸಂನ ಆರಂಭದ ದಾಖಲೆಗಳಲ್ಲೇ ಇದೆ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಪ್ರಬಂಧದಿಂದ ಈ ಸ್ಥಿತಿ ವೈದ್ಯಲೋಕದ ಗಮನಕ್ಕೆ ಬಂತು. ಅವರಲ್ಲಿ ಮೊದಲನೆಯವನು ಡೊನಾಲ್ಡ್. ಸ್ನಾನ ಮಾಡಬೇಕೆನಿಸಿದಾಗ ಅವನು ತಾಯಿಗೆ, ‘ನಿನಗೆ ಸ್ನಾನ ಮಾಡಬೇಕಾ’ ಎಂಬ ಅರ್ಥದ ಪ್ರಶ್ನೆಯನ್ನೇ ಹಾಕುತ್ತಿದ್ದ. ಅವನಿಗೆ ‘ಯೆಸ್’ ಎನ್ನುವುದನ್ನು ಕಲಿಸಲು ಅಪ್ಪ ಒಂದು ಉಪಾಯ ಮಾಡಿದರು: ಹಾಗೆಂದರೆ ಹೆಗಲ ಮೇಲೆ ಹೊರುತ್ತೇನೆ ಎಂದರು. ಹುಡುಗ ಕಲಿತ. ಆಮೇಲೆ ಬಹುಕಾಲ ಅವನ ‘ಯೆಸ್’ಗೆ ಅಪ್ಪನ ಹೆಗಲೇರುವ ಆಸೆ ಎಂಬುದಷ್ಟೇ ಅರ್ಥ.

ಮೂರು ವರ್ಷಗಳ ನಂತರ, 1946ರಲ್ಲಿ, ಕ್ಯಾನರ್ ಈ ಮಕ್ಕಳ ಮಾತಿನ ಬಗ್ಗೆಯೇ ಇನ್ನೊಂದು ಪ್ರಬಂಧ ಬರೆದರು. ಅದರಲ್ಲಿ ಪಾಲ್ ಎಂಬ ಹುಡುಗ ಬರುತ್ತಾನೆ. ಆಸ್ಪತ್ರೆಯ ಕೋಣೆಯಲ್ಲಿ ನಾಯಿಯೂ ಇಲ್ಲ, ಬಾಲ್ಕನಿಯೂ ಇಲ್ಲ. ಪಾಲ್ ಮಾತ್ರ ನಾಯಿಯನ್ನು ಬಾಲ್ಕನಿಯಿಂದ ಎಸೆಯಬೇಡ ಎನ್ನುತ್ತಾನೆ. ಕೇಳಿದವರಿಗೆ ಹುಚ್ಚು ಬಡಬಡಿಕೆ. ತಾಯಿಯನ್ನು ವಿಚಾರಿಸಿದಾಗ ತಿಳಿದದ್ದು: ಮೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಹೋಟೆಲೊಂದರಲ್ಲಿ ಅವನು ಆಟಿಕೆಯ ನಾಯಿಯನ್ನು ಮತ್ತೆ ಮತ್ತೆ ಕೆಳಗೆ ಎಸೆಯುತ್ತಿದ್ದ, ತಂದುಕೊಟ್ಟು ಸಾಕಾದ ತಾಯಿ ಆ ಮಾತು ಹೇಳಿದ್ದರು. ಅಂದಿನಿಂದ ಏನನ್ನಾದರೂ ಎಸೆಯಬೇಕೆಂಬ ಆಸೆ ಹುಟ್ಟಿದಾಗಲೆಲ್ಲ ಪಾಲ್ ಅದೇ ಮಾತಿನಿಂದ ತನ್ನನ್ನು ತಾನೇ ತಡೆದುಕೊಳ್ಳುತ್ತಿದ್ದ. ಜಗತ್ತಿನಲ್ಲಿ ಈ ವಿಷಯ ಅತಿ ಹೆಚ್ಚು ತಿಳಿದಿದ್ದ ವೈದ್ಯರೂ ಆ ತಾಯಿಯಿಲ್ಲದೆ ಆ ವಾಕ್ಯವನ್ನು ಬಿಡಿಸಲಾರದೆ ಹೋಗುತ್ತಿದ್ದರು.

ಅಮೆರಿಕದ ಪತ್ರಕರ್ತ ರಾನ್ ಸಸ್ಕಿಂಡ್ ಅವರ ಮಗ ಓವೆನ್ ಕಥೆಯೂ ಇಂಥದ್ದೇ. ಮೂರರ ವಯಸ್ಸಿನ ಹೊತ್ತಿಗೆ ಮಾತು ಕಳೆದುಕೊಂಡ ಓವೆನ್ ಅರ್ಥವಾಗದ ಒಂದೇ ಒಂದು ಪದವನ್ನು ಹೇಳುತ್ತಲೇ ಇದ್ದ. ಅದು ಡಿಸ್ನಿಯ ‘ದಿ ಲಿಟಲ್ ಮರ್ಮೇಡ್’ ಚಿತ್ರದಲ್ಲಿ ಮಾಟಗಾತಿ ಮತ್ಸ್ಯಕನ್ಯೆಯಿಂದ ಅವಳ ದನಿಯನ್ನು ಕೇಳುವ ಮಾತಿನ ಒಡಕು ರೂಪವೆಂದು ಮನೆಯವರೇ ಕಂಡುಕೊಂಡರು. ಮಾತು ಕಳೆದುಕೊಂಡ ಮಗು, ದನಿ ಕಳೆದುಕೊಳ್ಳುವ ಪಾತ್ರದ ದೃಶ್ಯವನ್ನೇ ಹಿಡಿದುಕೊಂಡಿತ್ತು. ಅಪ್ಪ 2014ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಬರೆದರು.

ಬಿಡಿ ಕಥೆಗಳಿಂದ ಎಲ್ಲ ಮಕ್ಕಳ ಬಗ್ಗೆ ತೀರ್ಮಾನ ಮಾಡುವುದು ಹೇಗೆ ಎಂದು ಕೇಳುವುದು ಸರಿಯೇ. 1981ರಲ್ಲಿ ಸಂಶೋಧಕರಾದ ಬ್ಯಾರಿ ಪ್ರಿಜಾಂಟ್ ಮತ್ತು ಜುಡಿತ್ ಡುಚಾನ್ ಕೂತು ಎಣಿಸಿದರು. ಆಟಿಸಂ ಇರುವ ನಾಲ್ಕು ಮಕ್ಕಳನ್ನು ವಿಡಿಯೋದಲ್ಲಿ ಸೆರೆಹಿಡಿದು, ಅವರು ತಕ್ಷಣ ತಿರುಗಿ ಹೇಳಿದ 1,009 ಮಾತುಗಳನ್ನು ಒಂದೊಂದಾಗಿ ನೋಡಿದರು. ಮಗು ಆಗ ಯಾರತ್ತ ನೋಡಿತು, ಏನನ್ನು ಮುಟ್ಟಿತು, ದನಿ ಏರಿತೇ ಇಳಿಯಿತೇ, ಮುಂದೆ ಏನು ಮಾಡಿತು. ಏಳು ಬಗೆಯ ಉಪಯೋಗಗಳು ಕಂಡವು. ಕೆಲವು ಸಲ ಮಗು ‘ಹೌದು’ ಎನ್ನುತ್ತಿತ್ತು, ಕೆಲವು ಸಲ ಏನನ್ನೋ ಬೇಡುತ್ತಿತ್ತು. ಕೆಲವು ಸಲ ಮಾತುಕತೆಯಲ್ಲಿ ತನ್ನ ಸರದಿ ತಪ್ಪದಂತೆ ನೋಡಿಕೊಳ್ಳುತ್ತಿತ್ತು. ಉತ್ತರ ಕೊಡುವ ಮೊದಲು ಪ್ರಶ್ನೆಯನ್ನು ಮೆಲ್ಲಗೆ ತನಗೆ ತಾನೇ ಹೇಳಿಕೊಳ್ಳುವುದೂ ಇತ್ತು. ಗಣಿತದ ಲೆಕ್ಕ ಬಿಡಿಸುವಾಗ ನಾವೆಲ್ಲ ಮಾಡುವ ಹಾಗೆ. ಯಾವ ಉದ್ದೇಶವೂ ಕಾಣದ ಮಾತುಗಳೂ ಇದ್ದವು, ಅವನ್ನೂ ಅವರು ಪಟ್ಟಿಯಲ್ಲಿ ಬೇರೆಯೇ ಒಂದು ಬಗೆಯಾಗಿ ಇಟ್ಟರು. ತಡವಾಗಿ ಮರಳುವ ಮಾತುಗಳ ಬಗ್ಗೆ 1984ರಲ್ಲಿ ಪ್ರಿಜಾಂಟ್ ಮತ್ತು ಪ್ಯಾಟ್ರಿಕ್ ರೈಡೆಲ್ ಅಧ್ಯಯನ ಮಾಡಿದಾಗ ಪಟ್ಟಿ 14ಕ್ಕೆ ಬೆಳೆಯಿತು. ಇನ್ನೂ ಈಚೆಗೆ, 2014ರಲ್ಲಿ, ಲಾರಾ ಸ್ಟರ್ಪೋನಿ ಮತ್ತು ಜೆನಿಫರ್ ಶಾಂಕಿ ಒಬ್ಬನೇ ಹುಡುಗನ ಮನೆಮಾತನ್ನು ಸೂಕ್ಷ್ಮವಾಗಿ ಗಮನಿಸಿ, ತಿರುಗಿ ಹೇಳುವಾಗ ಅವನು ಲಯವನ್ನೂ ದನಿಯನ್ನೂ ಬದಲಿಸುತ್ತಾನೆ, ದೊಡ್ಡವರು ಹೇಳಿದ್ದಕ್ಕೆ ಪ್ರತಿಭಟನೆಯನ್ನೂ ಅದರಲ್ಲೇ ತುಂಬುತ್ತಾನೆ ಎಂದು ತೋರಿಸಿದರು. ಪದಗಳು ಅವೇ, ಒಳಗಿನ ಮಾತು ಬೇರೆ.

ಈಗ ಕೃಷ್ಣೆಯ ದಂಡೆಗೆ ಬರೋಣ. ಇದು ಊಹೆಯ ಪ್ರಸಂಗ, ಆದರೆ ಇಲ್ಲಿ ನಡೆಯಲಾರದ್ದಲ್ಲ. ಹೊಳೆ ದಂಡೆಯ ಸಾಲಿಯೊಂದರಲ್ಲಿ ಹುಡುಗ ಗಣಿತದ ತಾಸಿನಲ್ಲಿ ಇದ್ದಕ್ಕಿದ್ದಂತೆ ‘ಹೊಳಿ ಬಂತು, ಏಳ್ರಿ, ಏಳ್ರಿ’ ಎನ್ನುತ್ತಾನೆ. ಹೊರಗೆ ಬೇಸಿಗೆಯ ಸುಡುಬಿಸಿಲು, ಹೊಳೆ ಬತ್ತಿ ಮಳಲು ಕಾಣುತ್ತಿದೆ. ಎಲ್ಲರೂ ನಗುತ್ತಾರೆ. 2019ರ ಆಗಸ್ಟಿನಲ್ಲಿ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ಭಾಗದ ದಂಡೆಯ ಹಳ್ಳಿಗಳು ಮುಳುಗಿ ಜನ ಮನೆ ಬಿಟ್ಟು ಎದ್ದುಹೋದದ್ದನ್ನು ಕಂಡವರಿಗೆ ಆ ಮಾತಿನ ಊರು ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಆಗ ಅವನು ಮೂರು ನಾಲ್ಕು ವರ್ಷದ ಕೂಸು. ಗದ್ದಲ, ಕತ್ತಲು, ಯಾರೋ ಎತ್ತಿಕೊಂಡು ಓಡಿದ್ದು. ಈಗ ಆ ಮಾತು ಬರುವುದು ತರಗತಿಯ ಗಲಾಟೆ ಅವನ ತಾಳ್ಮೆ ಮೀರಿದಾಗ. ಇಲ್ಲಿಂದ ಏಳಬೇಕು, ಹೊರಗೆ ಹೋಗಬೇಕು ಎನ್ನುತ್ತಿದ್ದಾನೆ. ಬೆಳಗಾವಿಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಹೋಗಿ ತೋರಿಸಿದರೂ ಅಲ್ಲಿನ ತಜ್ಞರು ಅವನ ಕಡತದಲ್ಲಿ ಎಕೋಲೇಲಿಯಾ ಇದೆ ಎಂದು ಬರೆದಾರು. ಹೊಳೆಯ ಸಂಗತಿಯನ್ನು ಯಾರಾದರೂ ಅವರಿಗೆ ಹೇಳಬೇಕು.

ಮಹಾರಾಷ್ಟ್ರದ ಗಡಿಯಿಂದಾಗಿ ಇನ್ನೊಂದು ತೊಡಕೂ ಇದೆ. ಈ ತಾಲ್ಲೂಕುಗಳಲ್ಲಿ ಕನ್ನಡ ಸಾಲಿಯ ಪಕ್ಕದಲ್ಲೇ ಮರಾಠಿ ಸಾಲಿ, ಒಂದೇ ಮನೆಯಲ್ಲಿ ಎರಡು ಭಾಷೆ. ಕನ್ನಡ ಸಾಲಿಯಲ್ಲಿ ಕೂತ ಮಗು ‘ಚಲ, ಘರೀ ಜಾವೂ’ ಎನ್ನಬಹುದು, ಅದು ಅಜ್ಜಿ ದಿನಾ ಸಂಜೆ ಕರೆಯುವ ಮಾತು. ಅಥಣಿಯ ಅಕ್ಕೋರಿಗೆ ಅದು ತಿಳಿಯುತ್ತದೆ. ಮೈಸೂರಿನ ತಜ್ಞರಿಗೆ ತಿಳಿಯುವುದು ಕಷ್ಟ. ಇಲ್ಲಿನ ಜನ ದವಾಖಾನೆಗೆಂದು ಮೊದಲಿನಿಂದ ಮೀರಜ, ಸಾಂಗಲಿಯ ಕಡೆ ಹೋಗುವವರು. ಅಲ್ಲಿ ಮರಾಠಿಯಲ್ಲಿ ಪರೀಕ್ಷೆ, ಮನೆಯಲ್ಲಿ ಕನ್ನಡ, ಮೊಬೈಲಿನಲ್ಲಿ ಇಂಗ್ಲಿಷ್ ಹಾಡು. ‘ಎರಡೆರಡು ಭಾಷೆ ಬ್ಯಾಡ, ಒಂದೇ ಮಾತಾಡ್ರಿ’ ಎಂಬ ಉಪದೇಶ ಎಷ್ಟೋ ತಂದೆತಾಯಿಗಳಿಗೆ ಸಿಕ್ಕಿರುತ್ತದೆ. ಎರಡು ಭಾಷೆಯ ಮನೆಯಲ್ಲಿ ಬೆಳೆದ ಆಟಿಸಂ ಮಕ್ಕಳ ಮಾತು ಅದರಿಂದಾಗಿ ಹಿಂದೆ ಬಿದ್ದಿಲ್ಲ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳುತ್ತ ಬಂದಿವೆ. ಅಜ್ಜಿಯ ಭಾಷೆಯನ್ನು ಮನೆಯಿಂದ ತೆಗೆದರೆ ಮಗುವಿಗೆ ಅಜ್ಜಿಯೇ ಕಡಿಮೆಯಾಗುತ್ತಾಳೆ, ಅಷ್ಟೇ.

‘ಬಿಡಸೂದು’ ಎಂಬ ಹಟ ನಮ್ಮ ಸಾಲಿಗಳೊಂದೇ ಹುಟ್ಟಿಸಿದ್ದಲ್ಲ. 1960ರ ದಶಕದಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಇವಾರ್ ಲೋವಾಸ್ ಇಂಥ ಮಕ್ಕಳ ‘ಅನುಚಿತ’ ನಡವಳಿಕೆ ಅಳಿಸಲು ಬಹುಮಾನದ ಜೊತೆ ಏಟನ್ನೂ ವಿದ್ಯುತ್ ಶಾಕನ್ನೂ ಬಳಸಿದ್ದರು. 1965ರಲ್ಲಿ ಲೈಫ್ ಪತ್ರಿಕೆ ಅದನ್ನು ಫೋಟೋ ಸಮೇತ ಅಚ್ಚು ಮಾಡಿತ್ತು. ಅದೇ ಪರಂಪರೆಯಲ್ಲಿ ಸೌಮ್ಯವಾದದ್ದೂ ಬಂತು. 1978ರಲ್ಲಿ ಲಾರಾ ಶ್ರೈಬ್‌ಮನ್ ಮತ್ತು ಎಡ್ವರ್ಡ್ ಕಾರ್, ಪ್ರಶ್ನೆಯನ್ನೇ ತಿರುಗಿ ಹೇಳುವ ಮಕ್ಕಳಿಗೆ ‘ನನಗೆ ಗೊತ್ತಿಲ್ಲ’ ಎನ್ನುವುದನ್ನು ಕಲಿಸಿದರು, ಪ್ರತಿಧ್ವನಿ ಕಡಿಮೆಯಾಯಿತು. ಇದನ್ನು ತಳ್ಳಿಹಾಕಬೇಕಿಲ್ಲ. ಉತ್ತರ ತಿಳಿಯದ ಮಗುವಿಗೆ ಮರ್ಯಾದೆಯಿಂದ ತಪ್ಪಿಸಿಕೊಳ್ಳುವ ದಾರಿಯೊಂದು ಸಿಕ್ಕಿತು. ಆದರೆ ‘ನೀರ ಕುಡೀತೀಯೇನ?’ ಎಂದು ತಿರುಗಿ ಹೇಳುವ ಬಾಯಾರಿದ ಹುಡುಗನಿಗೆ ‘ಗೊತ್ತಿಲ್ಲ’ ಎನ್ನಲು ಕಲಿಸಿದರೆ, ಇದ್ದ ಒಂದು ‘ಹೌದು’ವನ್ನೂ ಕಿತ್ತುಕೊಂಡಂತೆ. ಯಾವ ಪ್ರತಿಧ್ವನಿ ಯಾವುದಕ್ಕೆ ಎಂದು ತಿಳಿಯದೆ ಎಲ್ಲಕ್ಕೂ ಒಂದೇ ಔಷಧ ಕೊಡುವುದರ ಅಪಾಯ ಇದು.

ಹಾಗಾದರೆ ಅಕ್ಕೋರು ಮಾಡಬೇಕಾದ್ದೇನು? ಇಲ್ಲಿ ಕನ್ನಡ ಅವರ ಕೈ ಹಿಡಿಯುತ್ತದೆ. ಇಂಗ್ಲಿಷಿನ ಕೈಪಿಡಿಗಳು ಮಗುವಿಗೆ ‘ಐ’ ಮತ್ತು ‘ಯೂ’ ತಿದ್ದಿಸುವುದರಲ್ಲಿ ಪುಟಗಟ್ಟಲೆ ಬೆವರು ಸುರಿಸುತ್ತವೆ. ಕನ್ನಡದಲ್ಲಿ ‘ನೀರ ಬೇಕು’ ಎಂದರೆ ಯಾರಿಗೆ ಎಂದು ಕ್ರಿಯಾಪದ ಹೇಳುವುದೇ ಇಲ್ಲ. ‘ಹಸಿವ್ಯಾಗೇತಿ’, ‘ಸಾಕು’, ‘ಬ್ಯಾಡ’, ‘ತಲಿ ನೋಯ್ತೈತಿ’, ‘ಹೊರಗ ಹೋಗಬೇಕು’ ಇವೆಲ್ಲ ನನಗೂ ನಿನಗೂ ಒಂದೇ ರೂಪ. ಅಕ್ಕೋರು ‘ನೀರ ಕುಡೀತೀಯೇನ?’ ಎಂದು ಕೇಳುವ ಬದಲು ಬಾಟಲಿ ಹಿಡಿದು ‘ನೀರ ಬೇಕು’ ಎಂದರೆ, ಮಗು ಅದನ್ನೇ ತಿರುಗಿ ಹೇಳಿದಾಗ ವಾಕ್ಯ ಸರಿಯಾಗಿಯೇ ಇರುತ್ತದೆ, ಅದರ ಮನಸ್ಸಿನದೇ ಆಗಿರುತ್ತದೆ. ಪ್ರಶ್ನೆಗಳನ್ನು ಕಡಿಮೆ ಮಾಡಿ, ಮಗು ತನ್ನ ಬಾಯಿಂದ ಹೇಳಬಹುದಾದ ಮಾತನ್ನು ಹೆಚ್ಚು ಆಡುವುದು. ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕಾಯುವುದು. ವಾಕ್ ಚಿಕಿತ್ಸಕರು ಎಲ್ಲ ಕಡೆ ಹೇಳುವ ಸಲಹೆಯೇ ಇದು, ಅಥಣಿಯ ಕನ್ನಡದಲ್ಲಿ ಇನ್ನೂ ಸುಲಭವಾಗುತ್ತದೆ. ಕ್ರಿಯಾಪದವೇ ಬೇಕಾದ ಕಡೆ ‘ಕುಡೀತೀನಿ’ ಎಂದು ಅಕ್ಕೋರೇ ಹೇಳಿ ತೋರಿಸಿದರಾಯಿತು, ತಪ್ಪು ಹಿಡಿಯುವ ದನಿ ಬೇಕಿಲ್ಲ.

ಸಾಲಿಗೆ ಪುನರಾವರ್ತನೆ ಎಂದರೆ ಅಲರ್ಜಿ ಎಂಬ ಮಾತನ್ನಂತೂ ನಂಬಲಾಗದು. ಮಗ್ಗಿ, ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆ, ಅಕ್ಕೋರು ಹೇಳಿದ್ದನ್ನು ಇಡೀ ತರಗತಿ ಒಕ್ಕೊರಲಿನಿಂದ ಹೇಳುವುದು: ಬೆಳಗಿನಿಂದ ಸಂಜೆಯವರೆಗೆ ನಡೆಯುವುದೇ ಅದು. ಈ ಸೀಮೆಯ ಗೀಗೀ ಪದದ ಮೇಳದಲ್ಲಿ ಮುಂದಿನವರು ಹಾಡಿದ್ದಕ್ಕೆ ಹಿಂದಿನವರು ಸೊಲ್ಲು ಎತ್ತದಿದ್ದರೆ ಪದವೇ ನಿಲ್ಲುತ್ತದೆ. ಗುಂಪು ಮಾಡಿದರೆ ಕಲಿಕೆ, ಒಬ್ಬನೇ ಮಾಡಿದರೆ ರೋಗ ಎಂಬ ಲೆಕ್ಕ ವಿಚಿತ್ರ. ತಿರುಗಿ ಹೇಳುವ ಮಗುವಿಗೆ ನಲಿ-ಕಲಿ ತರಗತಿಯ ಹಾಡಿನಲ್ಲಿ, ಒಂದೇ ಮಾತು ಮರಳಿ ಮರಳಿ ಬರುವ ಕಥೆಯಲ್ಲಿ ತಾನಾಗಿಯೇ ಸರದಿ ಸಿಗುತ್ತದೆ, ಅದನ್ನು ಕೊಡುವ ಮನಸ್ಸಿದ್ದರೆ.

ಇಷ್ಟಾದರೂ ಒಂದು ಎಚ್ಚರಿಕೆ ಬೇಕು. ಪ್ರತಿಯೊಂದು ಪ್ರತಿಧ್ವನಿಯಲ್ಲೂ ಗೂಢಾರ್ಥ ಹುಡುಕಹೊರಟರೆ ಅದು ಇನ್ನೊಂದು ಮೂಢನಂಬಿಕೆ. ಕೆಲವನ್ನು ಮಗು ಶಬ್ದದ ಸುಖಕ್ಕೆ ಹೇಳುತ್ತದೆ, ಕೆಲವನ್ನು ಮನಸ್ಸು ತಣ್ಣಗಾಗಲು. ತಿರುಗಿ ಹೇಳುವ ಮಕ್ಕಳು ವಾಕ್ಯಗಳನ್ನು ಇಡಿಯಾಗಿ ನುಂಗಿ ಆಮೇಲೆ ಒಡೆದುಕೊಳ್ಳುತ್ತಾರೆ, ನಿರ್ದಿಷ್ಟ ಮೆಟ್ಟಿಲುಗಳಲ್ಲಿ ಅವರನ್ನು ಹತ್ತಿಸಬಹುದು ಎಂಬ ಚಿಕಿತ್ಸಾ ಪದ್ಧತಿಯೊಂದು 2012ರಲ್ಲಿ ವಾಕ್ ಚಿಕಿತ್ಸಕಿ ಮಾರ್ಜ್ ಬ್ಲಾಂಕ್ ಬರೆದ ಪುಸ್ತಕದ ನಂತರ ಭಾರಿ ಜನಪ್ರಿಯವಾಯಿತು. ಈಗ ಅದರ ತರಬೇತಿಯೇ ದೊಡ್ಡ ವ್ಯಾಪಾರ. 2024ರಲ್ಲಿ ಪ್ರಕಟವಾದ ವ್ಯವಸ್ಥಿತ ಪರಿಶೀಲನೆಯೊಂದಕ್ಕೆ ಆ ಚಿಕಿತ್ಸೆ ಫಲ ಕೊಡುತ್ತದೆಂದು ತೋರಿಸುವ ಒಂದು ಅರ್ಹ ಅಧ್ಯಯನವೂ ಸಿಗಲಿಲ್ಲ. ಯೂಟ್ಯೂಬ್ ನೋಡಿ ಸಾಲ ಮಾಡಿ ಕೋರ್ಸಿಗೆ ಸೇರುವ ಮುನ್ನ ತಂದೆತಾಯಿ ಇದನ್ನು ತಿಳಿದಿರಲಿ. ಬಂದ ಮಾತು ಏಕಾಏಕಿ ನಿಂತರೆ, ಮಗು ಆಗಾಗ ಎವೆಯಿಕ್ಕದೆ ಸ್ತಬ್ಧವಾದರೆ, ಅದು ವೈದ್ಯರು ನೋಡಬೇಕಾದ ವಿಷಯ. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬನ ಮಾತಿನ ಮೂಲ ಹುಡುಕುತ್ತ ಕೂರುವುದು ಅಕ್ಕೋರಿಗೆ ಸುಲಭವೆಂದೂ ಯಾರೂ ಹೇಳಲಾರರು.

ಡೊನಾಲ್ಡ್ ಮುಂದೇನಾದ? ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಬೆಳೆದ, 1958ರಲ್ಲಿ ಪದವಿ ಮುಗಿಸಿದ, ಬ್ಯಾಂಕಿನಲ್ಲಿ ಕೆಲಸ ಮಾಡಿದ, ದೇಶ ದೇಶ ತಿರುಗಿದ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡ. ಅವನನ್ನು ಹುಡುಕಿಕೊಂಡು ಹೋದ ಪತ್ರಕರ್ತರಿಗೆ ಎದ್ದು ಕಂಡದ್ದು, ಇಡೀ ಊರಿಗೆ ಅವನ ರೀತಿ ಗೊತ್ತಿತ್ತು ಎಂಬುದು. ಬ್ಯಾಂಕ್ ಅವನ ಮನೆತನದ್ದೇ ಆಗಿತ್ತು ಎಂಬುದನ್ನೂ ಮರೆಯಬಾರದು. ಕಬ್ಬು ಕಡಿಯುವವರ ಮಗನಿಗೆ ಊರು ಅಷ್ಟೇ ಸಲೀಸಾಗಿ ದಾರಿ ಬಿಡುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಆ ಪ್ರಶ್ನೆಗಾಗಿಯೇ ಕಾನೂನು ಇದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಅದನ್ನು ಸೇರಿಸಿತು, 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರ 17ನೇ ಕಲಂ ಸಂವಹನದ ತೊಡಕಿರುವ ಮಕ್ಕಳಿಗೆ ಸ್ವಂತ ಮಾತಿನ ಜೊತೆಗೆ ಪೂರಕವಾದ, ಪರ್ಯಾಯವಾದ ಸಂವಹನ ರೀತಿಗಳನ್ನು ಉತ್ತೇಜಿಸುವ ಹೊಣೆಯನ್ನು ಸರ್ಕಾರಕ್ಕೆ ಹೊರಿಸುತ್ತದೆ. ಚಿತ್ರಕಾರ್ಡು ಅಂಥದ್ದೊಂದು: ತಿರುಗಿ ಹೇಳುವ ಮಗುವಿಗೆ ನೀರು, ಶೌಚ, ಹೊರಗೆ, ಸಾಕು ಎಂಬ ನಾಲ್ಕು ಚಿತ್ರ ಕೈಗೆಟಕುವಂತಿದ್ದರೆ ಅರ್ಧ ಗೊಂದಲ ಕಡಿಮೆ. ಆದರೆ ಕಾನೂನಿನ ಬಾಗಿಲು ದಾಟಲು ಪ್ರಮಾಣಪತ್ರ ಬೇಕು, ಅದಕ್ಕೆ ಅಳತೆ ಬೇಕು. ಭಾರತದಲ್ಲಿ ಬಳಸುವ ಐಸಾ ಎಂಬ ಅಳತೆಪಟ್ಟಿಯಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5 ಅಂಕ. ಪ್ರತಿಧ್ವನಿ ಮಾತು ಅವುಗಳಲ್ಲೊಂದು. ಎಷ್ಟು ಹೆಚ್ಚು ತಿರುಗಿ ಹೇಳಿದರೆ ಅಷ್ಟು ಹೆಚ್ಚು ಅಂಕ. ಏನು ಹೇಳಿತು, ಯಾವಾಗ, ಯಾತಕ್ಕೆ ಎಂದು ಬರೆಯಲು ಅಲ್ಲಿ ಅಂಕಣವಿಲ್ಲ, ಅಳತೆಪಟ್ಟಿಯ ಕೆಲಸವೂ ಅದಲ್ಲ.

ಆ ಅಂಕಣವನ್ನು ಸಾಲಿಯೇ ತೆರೆಯಬೇಕು. ಅಥಣಿಯೂ ಸೇರಿರುವ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಸಂಪನ್ಮೂಲ ಶಿಕ್ಷಕರು ವಿಶೇಷ ಅಗತ್ಯದ ಮಕ್ಕಳಿರುವ ಸಾಲಿಗಳಿಗೂ ಮನೆಗಳಿಗೂ ಹೋಗುವವರು, ಅವರು ನೆರವಾಗಬಹುದು. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ರಾಜ್ಯದ ಇನ್ನೊಂದು ತುದಿಯಲ್ಲಿದೆ. ವಾಕ್ ಚಿಕಿತ್ಸಕರು ತಾಲ್ಲೂಕಿಗೊಬ್ಬರಂತೆ ನಾಳೆಯೇ ಬರುವುದಿಲ್ಲ. ಅಲ್ಲಿಯವರೆಗೆ ಮಾಡಬಹುದಾದದ್ದು ಒಂದು ನೋಟ್‌ಬುಕ್ ಇಡುವುದು. ಮಗು ಹೇಳಿದ ಮಾತು ಕೇಳಿದ ಹಾಗೆಯೇ, ಕನ್ನಡವೋ ಮರಾಠಿಯೋ. ಆಗ ಸುತ್ತ ಏನು ನಡೆಯುತ್ತಿತ್ತು. ಮುಂದೆ ಮಗು ಏನು ಮಾಡಿತು. ಮನೆಯವರು ಹೇಳುವ ಮೂಲ ಏನು. ಕೊನೆಯದನ್ನು ಅವ್ವ ಬರೆಯಲಾರದಿದ್ದರೆ ಹೇಳಲಿ, ಅಕ್ಕೋರು ಬರೆದುಕೊಳ್ಳಲಿ. ದಿನಕ್ಕೆ ಒಂದೆರಡು ಸಾಲು ಸಾಕು. ಮೀರಜಿಗೆ ಹೋಗಲಿ, ಬೆಳಗಾವಿಗೆ ಹೋಗಲಿ, ಚಿಕಿತ್ಸಕರ ಮೇಜಿನ ಮೇಲೆ ಅದು ಅರ್ಧ ತಾಸಿನ ಪರೀಕ್ಷೆಗಿಂತ ಹೆಚ್ಚು ಹೇಳುತ್ತದೆ. ಮಗು ಐದನೆಯದು ಮುಗಿಸಿ ಬೇರೆ ಸಾಲಿಗೆ ಹೋಗುವಾಗ ವರ್ಗಾವಣೆ ಪತ್ರದ ಜೊತೆ ನೋಟ್‌ಬುಕ್ಕನ್ನೂ ಕಳಿಸುವಂತೆ ಒಂದು ಸುತ್ತೋಲೆ ಹೊರಡಿಸಲು ಶಿಕ್ಷಣ ಇಲಾಖೆಗೆ ಹೊಸ ಅನುದಾನವೇನೂ ಬೇಕಿಲ್ಲ.